ಬ್ರೇಕ್ ಪ್ಯಾಡ್: ಬೆಲೆ ಕಡಿಮೆ ಯಾವುದಕ್ಕೆ, ಖರ್ಚು ಕಡಿಮೆ ಯಾವುದಕ್ಕೆ?



ವ್ಯವಹಾರ ಅಧ್ಯಯನದಲ್ಲಿ ‘ಗ್ರಾಹಕ ಸಂರಕ್ಷಣೆ’ ಪಾಠ ಬಂದಾಗ ನಾವು ಬರೆಯುವ ಉದಾಹರಣೆಗಳು ಯಾವಾಗಲೂ ಒಂದೇ: ಪ್ರೆಶರ್ ಕುಕ್ಕರ್, ಮಿಕ್ಸರ್, ಅವಧಿ ಮುಗಿದ ಔಷಧಿ. ನಾನು ಈ ಲೇಖನಕ್ಕೆ ಕಾರಿನ ಬ್ರೇಕ್ ಪ್ಯಾಡನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ನನ್ನ ಮಾಮು ಬೈಲಹೊಂಗಲದಲ್ಲಿ ಬಾಡಿಗೆ ಕಾರು ಓಡಿಸುತ್ತಾರೆ. ಗಾಡಿ ಒಂದೇ, ಚಾಲಕರೂ ಅವರೇ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು, ಕಿತ್ತೂರು ಕೋಟೆ ನೋಡುವವರು, ರಾಮದುರ್ಗಕ್ಕೆ ಮದುವೆಗೆ ಹೋಗುವವರು, ಬೆಳಗಾವಿಯ ಆಸ್ಪತ್ರೆಗೆ ಓಡುವವರು ಅವರ ಗಿರಾಕಿಗಳು. ಆ ಗಾಡಿಯ ಜಮಾಖರ್ಚಿನ ವಹಿ ಬರೆಯುವ ಕೆಲಸ ನಾನು ಪ್ರಥಮ ಪಿಯುಸಿ ಸೇರಿದ ದಿನದಿಂದ ನನ್ನ ಪಾಲಿಗೆ ಬಂದಿದೆ. ಕಾಮರ್ಸ್ ತೆಗೆದುಕೊಂಡದ್ದಕ್ಕೆ ಮನೆಯಲ್ಲಿ ಸಿಕ್ಕ ಮೊದಲ ನೌಕರಿ ಅದು, ಪಗಾರ ಇಲ್ಲದ್ದು.

ಬಿಡಿಭಾಗಗಳ ಅಂಗಡಿಯಲ್ಲಿ ಒಂದೇ ಸಣ್ಣ ಕಾರಿನ ಮುಂದಿನ ಗಾಲಿಗಳ ಪ್ಯಾಡ್ ಕೇಳಿದರೆ ಕೌಂಟರ್ ಮೇಲೆ ಮೂರು ಬಾಕ್ಸ್ ಬರುತ್ತವೆ. ಒಂದು ಸುಮಾರು 450 ರೂಪಾಯಿಯದು, ಹೆಸರು ಯಾರೂ ಕೇಳಿರದ್ದು. ಅಂಗಡಿಯವರು ‘ಲೋಕಲ್ ಮಾಲು’ ಅನ್ನುತ್ತಾರೆ. ಎರಡನೆಯದು ಸುಮಾರು 1,000 ರೂಪಾಯಿ, ಬ್ರೇಕ್ ಭಾಗಗಳನ್ನೇ ತಯಾರಿಸುವ ಹೆಸರಾಂತ ಕಂಪನಿಯದು. ಮೂರನೆಯದು ಸುಮಾರು 1,600, ಬಾಕ್ಸಿನ ಮೇಲೆ ಕಾರು ಕಂಪನಿಯದೇ ಮುದ್ರೆ. ಇದಕ್ಕೆ ‘ಕಂಪನಿ ಮಾಲು’ ಎಂದು ಹೆಸರು. ಇವು ನಮ್ಮ ಕಡೆ ವಿಚಾರಿಸಿದ ದರಗಳು. ಗಾಡಿ ಬದಲಾದರೆ, ಊರು ಬದಲಾದರೆ ದರವೂ ಬದಲಾಗುತ್ತದೆ. ಮೂರೂ ಅದೇ ಜಾಗಕ್ಕೆ ಕೂಡುತ್ತವೆ, ಮೂರೂ ಗಾಡಿ ನಿಲ್ಲಿಸುತ್ತವೆ. ಹಾಗಿದ್ದರೆ 1,150 ರೂಪಾಯಿ ಹೆಚ್ಚಿಗೆ ಯಾಕೆ ಕೊಡಬೇಕು?

ನಮ್ಮ ಮನೆಮಾತು ಉರ್ದು. ಇಂಥ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ಮೆಹೆಂಗಾ ರೋಯೆ ಏಕ್ ಬಾರ್, ಸಸ್ತಾ ರೋಯೆ ಬಾರ್ ಬಾರ್. ತುಟ್ಟಿಯದನ್ನು ಕೊಂಡವನು ಒಮ್ಮೆ ಅಳುತ್ತಾನೆ, ಅಗ್ಗದ್ದನ್ನು ಕೊಂಡವನು ಮತ್ತೆ ಮತ್ತೆ ಅಳುತ್ತಾನೆ. ಕೇಳಲು ಚೆನ್ನಾಗಿದೆ. ಆದರೆ ಈ ಗಾದೆಯನ್ನು ಅಂಗಡಿಯವನೂ ಹೇಳುತ್ತಾನೆ, ಅದೂ ತನಗೆ ಹೆಚ್ಚು ಲಾಭ ಕೊಡುವ ಬಾಕ್ಸನ್ನು ಮುಂದೆ ತಳ್ಳುವಾಗ. ಆದ್ದರಿಂದ ಗಾದೆಯನ್ನು ಬದಿಗಿಟ್ಟು ಲೆಕ್ಕ ಹಾಕೋಣ.

ಮೊದಲು ಈ ವಸ್ತು ಏನೆಂದು ತಿಳಿಯಬೇಕು. ಗಾಲಿಯ ಜೊತೆ ತಿರುಗುವ ಎರಕದ ಕಬ್ಬಿಣದ ತಟ್ಟೆಗೆ ಡಿಸ್ಕ್ ಎನ್ನುತ್ತಾರೆ. ಪೆಡಲ್ ತುಳಿದಾಗ ಕ್ಯಾಲಿಪರ್ ಎಂಬ ಹಿಡಿಕೆ ಎರಡು ಪ್ಯಾಡುಗಳನ್ನು ಎರಡೂ ಬದಿಯಿಂದ ಆ ತಟ್ಟೆಗೆ ಒತ್ತುತ್ತದೆ. ಪ್ಯಾಡ್ ಅಂದರೆ ಉಕ್ಕಿನ ಹಲಗೆಗೆ ಅಂಟಿಸಿದ ಒಂದು ಮಿಶ್ರಣ. ಅದರಲ್ಲಿ ರಾಳ, ನಾರು, ಲೋಹದ ಪುಡಿ, ಗ್ರಾಫೈಟ್ ಮುಂತಾದವು ಇರುತ್ತವೆ. ಇವನ್ನೆಲ್ಲ ಕಲಸಿ, ಬಿಸಿ ಅಚ್ಚಿನಲ್ಲಿ ಒತ್ತಿ, ಒಲೆಯಲ್ಲಿ ಹದವಾಗಿ ಬೇಯಿಸುತ್ತಾರೆ. ಹಣ ಉಳಿಸುವವರು ಇಲ್ಲೇ ಉಳಿಸುತ್ತಾರೆ: ಮಿಶ್ರಣದಲ್ಲಿ ಅಗ್ಗದ ಪುಡಿ ಹೆಚ್ಚು ಹಾಕಬಹುದು, ಬೇಯಿಸುವ ಸಮಯ ಕಡಿಮೆ ಮಾಡಬಹುದು, ಹಲಗೆಗೆ ಹಿಡಿಯುವ ಅಂಟಿನಲ್ಲಿ ಕೈ ಬಿಗಿ ಮಾಡಬಹುದು. ಹೊರಗಿನಿಂದ ನೋಡಿದರೆ ಮೂರೂ ಕಪ್ಪು ತುಂಡುಗಳೇ.

ಎರಡನೆಯ ಮತ್ತು ಮೂರನೆಯ ಬಾಕ್ಸಿನ ನಡುವಿನ ವ್ಯತ್ಯಾಸ ಬೇರೆ ಬಗೆಯದು. ಕಾರು ಕಂಪನಿಗಳು ಸಾಮಾನ್ಯವಾಗಿ ಪ್ಯಾಡುಗಳನ್ನು ತಾವೇ ತಯಾರಿಸುವುದಿಲ್ಲ, ಬ್ರೇಕ್ ಕಂಪನಿಗಳಿಂದ ಕೊಳ್ಳುತ್ತವೆ. ನಮ್ಮ ದೇಶದಲ್ಲಿ ಚೆನ್ನೈ ಈ ಉದ್ಯಮಕ್ಕೆ ಹಳೆಯ ನೆಲೆ. ಬ್ರೇಕ್ಸ್ ಇಂಡಿಯಾ, ರಾಣೆ, ಸುಂದರಂ ಹೆಸರುಗಳು ಅಲ್ಲಿಂದ ಬಂದವು. ಹಾಗಾಗಿ ಕಾರು ಕಂಪನಿಗೆ ಮಾಲು ಕೊಡುವವರೇ ತಮ್ಮ ಸ್ವಂತ ಬಾಕ್ಸಿನಲ್ಲೂ ಮಾರುವುದುಂಟು. ಮೂರನೆಯ ಬಾಕ್ಸಿನ ಹೆಚ್ಚುವರಿ 600 ರೂಪಾಯಿಯಲ್ಲಿ ಕಾರು ಕಂಪನಿಯ ಹೆಸರು, ಅದರ ಗೋದಾಮು, ಡೀಲರನ ಲಾಭ, ವಾರಂಟಿ ಸೇರಿರುತ್ತವೆ. ಆದರೆ ಎರಡೂ ಬಾಕ್ಸಿನಲ್ಲಿ ಒಂದೇ ಮಿಶ್ರಣ ಇದೆ ಎಂದು ಹೇಳಲಾಗದು. ಅದೇ ಕಾರ್ಖಾನೆ ಎರಡು ದರಕ್ಕೆ ಎರಡು ಪಾಕ ಮಾಡಬಹುದು. ‘ಒಳಗೆ ಅದೇ ಮಾಲು ರೀ’ ಎನ್ನುವ ಮಾತನ್ನು ಅರ್ಧ ಮಾತ್ರ ನಂಬಬೇಕು.

ಈಗ ಲೆಕ್ಕಶಾಸ್ತ್ರ. ಸವಕಳಿ ಪಾಠ ನೆನಪಿಸಿಕೊಳ್ಳಿ. ನಾವು ಪುಸ್ತಕದಲ್ಲಿ ಯಂತ್ರದ ಬೆಲೆಯಿಂದ ಗುಜರಿ ಮೌಲ್ಯ ಕಳೆದು ವರ್ಷಗಳಿಂದ ಭಾಗಿಸುತ್ತೇವೆ. ಬ್ರೇಕ್ ಪ್ಯಾಡಿನಲ್ಲಿ ಸವಕಳಿಯನ್ನು ಕಣ್ಣಿನಿಂದ ನೋಡಬಹುದು, ಸ್ಕೇಲ್ ಹಿಡಿದು ಅಳೆಯಬಹುದು. ಮಾಮುವಿನ ಗಾಡಿಗೆ ಎರಡನೆಯ ಬಗೆಯ ಪ್ಯಾಡ್ ಹಾಕಿದ ದಿನ ಮಿಶ್ರಣದ ದಪ್ಪ 10 ಮಿಲಿಮೀಟರ್ ಇತ್ತು. 3 ಮಿಲಿಮೀಟರಿಗೆ ಬಂದಾಗ ಬದಲಿಸಬೇಕೆಂದು ಮಿಸ್ತ್ರಿ ಕಾಕಾ ಹೇಳುತ್ತಾರೆ. ಅಂದರೆ ಉಪಯೋಗಿಸಲು ಇರುವುದು 7 ಮಿಲಿಮೀಟರ್. ಉಳಿದ 3 ಗುಜರಿ ಮೌಲ್ಯ ಅನ್ನಿ. 8,000 ಕಿಲೋಮೀಟರ್ ಓಡಿದ ಮೇಲೆ ಗಾಲಿ ಬಿಚ್ಚಿ ಅಳೆದಾಗ 8 ಮಿಲಿಮೀಟರ್ ಉಳಿದಿತ್ತು. 4,000 ಕಿಲೋಮೀಟರಿಗೆ 1 ಮಿಲಿಮೀಟರ್ ಸವೆದರೆ 7 ಮಿಲಿಮೀಟರಿಗೆ 28,000 ಕಿಲೋಮೀಟರ್. ಸರಳ ರೇಖಾ ವಿಧಾನ, ಪರೀಕ್ಷೆಯಲ್ಲಿ ಬರುವ ಹಾಗೆಯೇ.

ಮೊದಲ ಬಗೆಯ 450 ರೂಪಾಯಿಯ ಪ್ಯಾಡು ಅದಕ್ಕೂ ಹಿಂದೆ ಅದೇ ಗಾಡಿಯಲ್ಲಿ 12,000 ಕಿಲೋಮೀಟರ್ ಬಂದಿತ್ತೆಂದು ವಹಿಯಲ್ಲಿದೆ. ಕಂಪನಿ ಮಾಲು ನಾವು ಹಾಕಿಲ್ಲ. ನಮ್ಮಂಥ ಓಡಾಟಕ್ಕೆ 32,000 ಬರಬಹುದೆಂದು ಮಿಸ್ತ್ರಿ ಕಾಕಾ ಅಂದಾಜು ಕೊಟ್ಟರು.

ಪ್ಯಾಡಿನ ಬೆಲೆ ಒಂದೇ ಖರ್ಚಲ್ಲ. ಪ್ರತಿ ಸಲ ಬದಲಿಸುವಾಗ ಮಜೂರಿ 300 ರೂಪಾಯಿ. ಜೊತೆಗೆ ಗಾಡಿ ಗ್ಯಾರೇಜಿನಲ್ಲಿ ನಿಂತ ಅರ್ಧ ದಿನದ ಬಾಡಿಗೆ ಹೋಗುತ್ತದೆ; ಡೀಸೆಲ್ ಕಳೆದು ಅದನ್ನು 500 ಎಂದು ಹಿಡಿದಿದ್ದೇನೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಅವಕಾಶ ವೆಚ್ಚ ಎನ್ನುತ್ತೇವೆ. ವಹಿಯಲ್ಲಿ ಅದಕ್ಕೆ ಕಾಲಂ ಇಲ್ಲ, ಆದರೆ ಆ ದಿನ ಸಂಜೆ ಮಾಮುವಿನ ಕಿಸೆಯಲ್ಲಿ ಅದು ಇರುವುದಿಲ್ಲ. ಹಾಗಾದರೆ ಪ್ರತಿ ಸಾವಿರ ಕಿಲೋಮೀಟರಿಗೆ ಬೀಳುವ ಖರ್ಚು ಹೀಗೆ:

ಲೋಕಲ್ ಮಾಲು: 450 + 300 + 500 = 1,250; 12 ರಿಂದ ಭಾಗಿಸಿದರೆ ಸುಮಾರು 104 ರೂಪಾಯಿ.
ಹೆಸರಾಂತ ಕಂಪನಿಯದು: 1,000 + 300 + 500 = 1,800; 28 ರಿಂದ ಭಾಗಿಸಿದರೆ ಸುಮಾರು 64 ರೂಪಾಯಿ.
ಕಂಪನಿ ಮಾಲು: 1,600 + 300 + 500 = 2,400; 32 ರಿಂದ ಭಾಗಿಸಿದರೆ 75 ರೂಪಾಯಿ.

ಅತ್ಯಂತ ಅಗ್ಗದ ಬಾಕ್ಸ್ ಅತ್ಯಂತ ದುಬಾರಿಯಾಯಿತು. ಗಾದೆ ಇಲ್ಲಿಯವರೆಗೆ ಸರಿ. ಆದರೆ ಅತ್ಯಂತ ದುಬಾರಿ ಬಾಕ್ಸೂ ಗೆಲ್ಲಲಿಲ್ಲ, ಗೆದ್ದದ್ದು ನಡುವಿನದು. ಇದನ್ನೇ ತಿರುಗಿಸಿ ಕೇಳಬಹುದು: 450ರ ಪ್ಯಾಡು ನಡುವಿನದಕ್ಕೆ ಸಮನಾಗಬೇಕಾದರೆ ಎಷ್ಟು ಓಡಬೇಕು? ಸುಮಾರು 19,500 ಕಿಲೋಮೀಟರ್. ಕಂಪನಿ ಮಾಲು ಸಮನಾಗಬೇಕಾದರೆ? 37,000ಕ್ಕೂ ಹೆಚ್ಚು. ನಿಮ್ಮ ಮನೆಯ ಗಾಡಿಗೆ ಅಂಕಿಗಳು ಬೇರೆ ಇರುತ್ತವೆ. ನನ್ನ ಉತ್ತರವನ್ನು ನಕಲು ಮಾಡಬೇಡಿ, ವಿಧಾನವನ್ನು ಮಾಡಿ.

ವರ್ಷಕ್ಕೆ 30,000 ಕಿಲೋಮೀಟರ್ ಓಡುವ ಮಾಮುವಿಗೆ ಲೋಕಲ್ ಮಾಲಿಗೂ ನಡುವಿನದಕ್ಕೂ ಇರುವ ವ್ಯತ್ಯಾಸ ಸುಮಾರು 1,200 ರೂಪಾಯಿ. ವರ್ಷಕ್ಕೆ 4,000 ಕಿಲೋಮೀಟರ್ ಮಾತ್ರ ಕಾರು ತೆಗೆಯುವ, ಬಾಡಿಗೆ ಕಳೆದುಕೊಳ್ಳುವ ಪ್ರಶ್ನೆಯೇ ಇಲ್ಲದ ಮೇಷ್ಟ್ರೊಬ್ಬರಿಗೆ ಅದು ವರ್ಷಕ್ಕೆ 64 ರೂಪಾಯಿ! ಎರಡು ಪ್ಲೇಟ್ ಮಿರ್ಚಿ ಭಜಿಯ ದುಡ್ಡು. ಹಾಗಿದ್ದರೆ ಇಷ್ಟೆಲ್ಲ ಲೆಕ್ಕ ಯಾಕೆ? ಅವರು ಕಣ್ಣು ಮುಚ್ಚಿ ಅಗ್ಗದ್ದನ್ನೇ ಹಾಕಿಸಬಾರದೇ?

ಇಲ್ಲಿ ಲೆಕ್ಕಶಾಸ್ತ್ರ ನಿಲ್ಲುತ್ತದೆ. ಹತ್ತನೆಯ ತರಗತಿಯವರೆಗೆ ಕಲಿತ ವಿಜ್ಞಾನ ಬೇಕಾಗುತ್ತದೆ.

ಬ್ರೇಕ್ ಮಾಡುವ ಕೆಲಸ ಒಂದೇ, ಚಲನೆಯನ್ನು ಶಾಖವಾಗಿ ಬದಲಾಯಿಸುವುದು. ಬೆಳಗಾವಿಯಿಂದ ಗೋವಾಕ್ಕೆ ಚೋರ್ಲಾ ಘಾಟಿನಲ್ಲಿ ಇಳಿಯುವ ಗಾಡಿಯನ್ನು ತೆಗೆದುಕೊಳ್ಳಿ. ಜನ ಸಮೇತ ತೂಕ 1,200 ಕಿಲೋ, ಇಳಿಯುವ ಎತ್ತರ 600 ಮೀಟರ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 1,200 × 9.8 × 600 = 70,56,000 ಜೂಲ್. ಇಷ್ಟು ಶಾಖದಿಂದ ಸುಮಾರು 22 ಲೀಟರ್ ನೀರು, ಅಂದರೆ ಎರಡು ಕೊಡ ನೀರು, ಕುದಿಯುವ ಮಟ್ಟಕ್ಕೆ ಬರುತ್ತದೆ. ಇನ್ನೊಂದು ರೀತಿ ಹೇಳಿದರೆ, 60 ಕಿಲೋಮೀಟರ್ ವೇಗದ ಗಾಡಿಯನ್ನು 42 ಸಲ ಪೂರ್ತಿ ನಿಲ್ಲಿಸಿದಷ್ಟು ಶಾಖ. ಅದರಲ್ಲಿ ಒಂದು ಪಾಲನ್ನು ಎಂಜಿನ್ ಮತ್ತು ಗಾಳಿ ತೆಗೆದುಕೊಳ್ಳುತ್ತವೆ. ಉಳಿದದ್ದು ಡಿಸ್ಕು, ಡ್ರಮ್ಮುಗಳಿಗೆ, ಅದರಲ್ಲೂ ಹೆಚ್ಚಿನದು ಮುಂದಿನ ಗಾಲಿಗಳಿಗೆ. ಯಾಕೆಂದರೆ ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ.

ತಣ್ಣಗಿರುವಾಗ ಮೂರೂ ಬಾಕ್ಸಿನ ಪ್ಯಾಡುಗಳು ಹೆಚ್ಚುಕಡಿಮೆ ಒಂದೇ ಥರ ಹಿಡಿಯುತ್ತವೆ. ಬೈಲಹೊಂಗಲದ ಬಜಾರಿನಲ್ಲಿ ಓಡಿಸಿ ನೋಡಿ ‘ಬ್ರೇಕ್ ಲಗ್ತೈ ನಾ, ಫಿರ್ ಕ್ಯೂಂ ಖರ್ಚಾ?’ ಎಂದು ಮಾಮು ಕೇಳುತ್ತಿದ್ದದ್ದು ಅದಕ್ಕೇ. ಬ್ರೇಕ್ ಹಿಡಿಯುತ್ತಿದೆಯಲ್ಲ, ಮತ್ತೆ ಖರ್ಚು ಯಾಕೆ ಎಂದು. ವ್ಯತ್ಯಾಸ ತಿಳಿಯುವುದು ಕಾಯ್ದಾಗ. ಕಳಪೆ ಮಿಶ್ರಣದ ರಾಳ ಕಾವಿಗೆ ಒಡೆದು ಅನಿಲ ಬಿಡುತ್ತದೆ, ಪ್ಯಾಡಿಗೂ ಡಿಸ್ಕಿಗೂ ನಡುವೆ ಹಿಡಿತ ತಪ್ಪುತ್ತದೆ. ಆಗ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಆ 450ರ ಪ್ಯಾಡು 12,000ಕ್ಕೆ ಕೊನೆಯಾದದ್ದು ಸವೆದಲ್ಲ. ಭಾರತ ಹುಣ್ಣಿಮೆಯ ದಿನ ಮಾಮು ಆರು ಜನರನ್ನು ಕರೆದುಕೊಂಡು ಯಲ್ಲಮ್ಮನ ಗುಡ್ಡದಿಂದ ಇಳಿಯುತ್ತಿದ್ದರು. ಆ ದಿನ ಅಲ್ಲಿ ಗಾಡಿಗಳ ಸಾಲು ಹೇಗಿರುತ್ತದೆಂದು ಸವದತ್ತಿ ಕಡೆಯವರಿಗೆ ಹೇಳಬೇಕಾಗಿಲ್ಲ. ನಾಲ್ಕು ಮಾರು ಮುಂದೆ, ಬ್ರೇಕ್. ಮತ್ತೆ ನಾಲ್ಕು ಮಾರು, ಬ್ರೇಕ್. ಮುಂದೆ ನಡೆದು ಹೋಗುವ ಜನ, ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಮಕ್ಕಳು. ಮೊದಲು ಸುಟ್ಟ ವಾಸನೆ ಬಂತು, ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಗಾಡಿ ಜಾರತೊಡಗಿತು. ಮೊದಲನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ಬದಿಯ ಮಣ್ಣಿನ ದಿಬ್ಬಕ್ಕೆ ಆನಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಬಿಚ್ಚಿದಾಗ ಪ್ಯಾಡಿನ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು, ಒಂದು ಮೂಲೆ ಪುಡಿಯಾಗಿ ಉದುರಿತ್ತು. ದಪ್ಪ ಇನ್ನೂ 5 ಮಿಲಿಮೀಟರ್ ಇತ್ತು. ಲೆಕ್ಕದ ಪ್ರಕಾರ ಅದಕ್ಕೆ ಇನ್ನೂ ಆಯುಷ್ಯವಿತ್ತು.

ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇದೇ. ಬ್ರೇಕಿನಂಥ ವಸ್ತುವಿಗೆ ಬೆಲೆ ಮತ್ತು ಸುರಕ್ಷತೆಯನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಇಷ್ಟು ಕಾದರೂ ಹಿಡಿಯಬೇಕು ಎಂಬ ಒಂದು ಹೊಸ್ತಿಲನ್ನು ಮೊದಲು ಹಾಕಿಕೊಳ್ಳಬೇಕು. ಅದನ್ನು ದಾಟದ ಬಾಕ್ಸನ್ನು, ಪುಕ್ಕಟೆ ಕೊಟ್ಟರೂ, ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ದಾಟಿದವುಗಳಲ್ಲಿ ಯಾವುದಕ್ಕೆ ಕಿಲೋಮೀಟರ್ ಖರ್ಚು ಕಡಿಮೆಯೋ ಅದನ್ನು ಕೊಳ್ಳಬೇಕು. ಅಲ್ಲಿ ಜಿಪುಣತನ ಮಾಡಿದರೆ ತಪ್ಪಿಲ್ಲ. ಕಾಲುಚಾಪೆ, ಸೀಟ್ ಕವರ್, ಗಾಲಿಯ ಕ್ಯಾಪ್ ಇವುಗಳಿಗೆ ಹೊಸ್ತಿಲೇ ಇಲ್ಲ, ಸಂತೆಯಲ್ಲಿ ಸಿಕ್ಕ ಅತಿ ಅಗ್ಗದ್ದನ್ನು ಹಾಕಿ.

ಹೊಸ್ತಿಲು ದಾಟಿದೆಯೋ ಇಲ್ಲವೋ ಎಂದು ಅಂಗಡಿಯಲ್ಲಿ ನಿಂತು ತಿಳಿಯುವುದು ಹೇಗೆ? ಪೂರ್ತಿ ತಿಳಿಯುವುದಿಲ್ಲ, ಆದರೆ ಕೆಲವು ಗುರುತುಗಳಿವೆ. ಅನೇಕ ಪ್ಯಾಡುಗಳ ಅಂಚಿನಲ್ಲಿ ಅಂಕಿಗಳ ಸಾಲಿನ ಕೊನೆಗೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ, ‘ಎಫ್ ಎಫ್’ ಅಥವಾ ‘ಎಫ್ ಇ’ ಹೀಗೆ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿ ಎಷ್ಟು ಹಿಡಿತ, ಎರಡನೆಯದು ಹೆಚ್ಚು ಕಾದಾಗ ಎಷ್ಟು ಹಿಡಿತ ಎಂಬುದರ ಸಂಕೇತ. ಘರ್ಷಣಾಂಕ 0.25ರಿಂದ 0.35 ಇದ್ದರೆ ‘ಇ’, 0.35ರಿಂದ 0.45 ಇದ್ದರೆ ‘ಎಫ್’, 0.45ರಿಂದ 0.55 ಇದ್ದರೆ ‘ಜಿ’. ‘ಎಫ್ ಇ’ ಎಂದಿದ್ದರೆ ಕಾದ ಮೇಲೆ ಹಿಡಿತ ಒಂದು ಮೆಟ್ಟಿಲು ಇಳಿಯುತ್ತದೆ ಎಂದರ್ಥ. ಎಷ್ಟು ದಿನ ಬಾಳುತ್ತದೆ ಎಂಬುದನ್ನು ಈ ಅಕ್ಷರಗಳು ಹೇಳುವುದಿಲ್ಲ. ಯುರೋಪಿಗೂ ಮಾಲು ಕಳಿಸುವ ಕಂಪನಿಗಳ ಬಾಕ್ಸಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ ಮತ್ತು ‘90 ಆರ್’ ಎಂಬ ಗುರುತು ಇರುತ್ತದೆ. ಬದಲಿ ಪ್ಯಾಡಿನ ಕೆಲಸ ಮೂಲ ಪ್ಯಾಡಿಗಿಂತ ಶೇಕಡಾ 15ಕ್ಕಿಂತ ಹೆಚ್ಚು ಆಚೀಚೆ ಇರಬಾರದು ಎಂಬ ನಿಯಮದ ಪರೀಕ್ಷೆ ಪಾಸಾಗಿದೆ ಎಂದು ಅದರ ಅರ್ಥ. ಮಾಮುವಿನ 450ರ ಪ್ಯಾಡಿನ ಮೇಲೆ ಒಂದು ಅಕ್ಷರವೂ ಇರಲಿಲ್ಲ.

ಅಗ್ಗದ ಮಾಲು ಬೇರೆ, ಡೂಪ್ಲಿಕೇಟ್ ಮಾಲು ಬೇರೆ. ಇವೆರಡನ್ನೂ ನಾವು ಮಾತಿನಲ್ಲಿ ಕಲಸಿಬಿಡುತ್ತೇವೆ. ಅಗ್ಗದ್ದು ತಾನು ಅಗ್ಗವೆಂದು ಹೇಳಿಕೊಂಡೇ ಮಾರಾಟವಾಗುತ್ತದೆ. ಡೂಪ್ಲಿಕೇಟ್ ಮಾತ್ರ ಹೆಸರಾಂತ ಕಂಪನಿಯ ಬಾಕ್ಸ್ ತೊಟ್ಟು ಬಂದು, ಅದಕ್ಕಿಂತ ನೂರು ರೂಪಾಯಿ ಕಡಿಮೆ ಎನ್ನುತ್ತದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಇದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಜೈಲು ಇದೆ. ಆದರೂ ಯಾಕೆ ಮಾರಾಟವಾಗುತ್ತದೆ? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಪ್ರಬಂಧ ಬರೆದರು. 2001ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ನೊಬೆಲ್ ಬಂತು. ಅವರ ವಾದ ಸರಳ. ಮಾಲಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಒಂದು ಬೆಲೆ ಮಾತ್ರ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಮಾಲು ಮಾರಲು ಕಟ್ಟುವುದಿಲ್ಲ, ಕೆಟ್ಟದ್ದು ಮಾರಲು ಲಾಭ. ಕ್ರಮೇಣ ಒಳ್ಳೆಯದು ಅಂಗಡಿಯಿಂದಲೇ ಹೊರಗೆ ಹೋಗುತ್ತದೆ. ರಾಮದುರ್ಗದ ಒಬ್ಬ ಅಂಗಡಿಯವರು ಇದನ್ನೇ ಪುಸ್ತಕ ಓದದೆ ಹೇಳಿದರು: “ಛಲೋ ಮಾಲು ತಂದಿಟ್ಟರ ಧೂಳ ತಿಂತೈತಿ. ಬರೂ ಗಿರಾಕಿ ಎಲ್ಲಾರೂ ‘ಕಡಿಮಿದು ಕೊಡ್ರಿ’ ಅಂತಾರ. ನಾ ಯಾಕ ರೊಕ್ಕಾ ತಡಕೊಂಡ ಕುಂದ್ರಲಿ?”

ಗಾಡಿ ನಂಬಿ ಕೂತ ಆರು ಜನರಿಗೆ ಈ ಚೌಕಾಸಿಯಲ್ಲಿ ಮಾತೇ ಇಲ್ಲ ಎಂಬುದನ್ನು ಅಕರ್ಲಾಫ್ ಬರೆದಿದ್ದಾರೋ ಇಲ್ಲವೋ, ನಾನಂತೂ ಸೇರಿಸುತ್ತೇನೆ.

ಬಾಕ್ಸ್ ನೋಡುವಾಗ ಪೊಟ್ಟಣ ಮಾಲಿನ ಕಾನೂನು ಮಾಪನ ನಿಯಮ, 2011 ನೆನಪಿರಲಿ. ತಯಾರಕರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ತಯಾರಾದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಕೊಡಲು ಫೋನ್ ನಂಬರು ಇವು ಬಾಕ್ಸಿನ ಮೇಲೆ ಇರಲೇಬೇಕು. ಅಕ್ಷರ ತಪ್ಪು, ಮಸುಕಾದ ಮುದ್ರೆ, ಬೆಲೆಯ ಮೇಲೆ ಇನ್ನೊಂದು ಬೆಲೆಯ ಚೀಟಿ ಕಂಡರೆ ಬಾಕ್ಸನ್ನು ವಾಪಸ್ ಇಡಿ.

ಇನ್ನೊಂದು ಪ್ರಶ್ನೆ ಕೌಂಟರಿನಲ್ಲಿ ತಪ್ಪದೆ ಬರುತ್ತದೆ: “ಬಿಲ್ ಬೇಕೇನ್ರಿ, ಬ್ಯಾಡೇನ್ರಿ?” ಬೇಡವೆಂದರೆ ನೂರು, ನೂರೈವತ್ತು ಕಡಿಮೆ. ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರ ಬದಲು 18 ಆಗಿದೆ. ಹಾಗಾಗಿ ತೆರಿಗೆ ಸೇರಿ 1,000 ರೂಪಾಯಿಯ ಮಾಲಿನಲ್ಲಿ ತೆರಿಗೆ ಸುಮಾರು 153. ಆ 153 ಉಳಿಸಿದವನ ಕೈಯಲ್ಲಿ, ತಾನು ಆ ಅಂಗಡಿಗೆ ಹೋಗಿದ್ದೆ ಎಂಬುದಕ್ಕೂ ಸಾಕ್ಷಿ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಈಗ ಪಕ್ಕಾ ಬಿಲ್ಲಿಗಾಗಿ ಬೆಳಗಾವಿಯಿಂದಲೇ ತರಿಸುವ ರೂಢಿಯಾಗಿದೆ. ತರುವವರು ಅಮ್ಮಿ. ಶಕ್ತಿ ಯೋಜನೆಯಲ್ಲಿ ಅವರಿಗೆ ಬಸ್ ಟಿಕೆಟ್ ಇಲ್ಲ, ಆದ್ದರಿಂದ ಸಾಗಾಣಿಕೆ ವೆಚ್ಚ ಸೊನ್ನೆ. ಹಾಗೆಂದು ವಹಿಯಲ್ಲಿ ಬರೆದಾಗ ‘ನನ್ನ ಅರ್ಧ ದಿನಕ್ಕೆ ಅವಕಾಶ ವೆಚ್ಚ ಇಲ್ಲವೇನು?’ ಎಂದು ಅಮ್ಮಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಳ್ಳೆಯ ಪ್ಯಾಡ್ ತಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬೈಲಹೊಂಗಲ, ಸವದತ್ತಿ ಸೀಮೆಯದು ಎರೆ ಮಣ್ಣು. ಮಳೆಗಾಲದಲ್ಲಿ ಅದು ಗಾಲಿಯೊಳಗೆ ಮೆತ್ತಿಕೊಂಡು ಒಣಗಿದರೆ ಸಿಮೆಂಟು. ಕ್ಯಾಲಿಪರ್ ಜಾರಾಡುವ ಪಿನ್ನುಗಳು ಬಿಗಿದುಕೊಂಡರೆ ಒಂದೇ ಬದಿಯ ಪ್ಯಾಡು ಸವೆಯುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಆಗ 1,600ರ ಪ್ಯಾಡೂ 450ರ ಪ್ಯಾಡಿನಷ್ಟೇ ಬಾಳುತ್ತದೆ. ಮಿಸ್ತ್ರಿ ಕಾಕಾ ಹೇಳುವುದು ಹೀಗೆ: “ಪ್ಯಾಡ್ ಬದ್ಲಿ ಮಾಡೂದು ಅರ್ಧ ತಾಸಿನ ಕೆಲಸ. ಪಿನ್ ತೊಳದು ಗ್ರೀಸ್ ಹಚ್ಚೂದು ಮತ್ತರ್ಧ ತಾಸು. ಆ ಮತ್ತರ್ಧ ತಾಸಿಗೆ ಯಾರೂ ರೊಕ್ಕಾ ಕೊಡಂಗಿಲ್ಲ ನೋಡವಾ.” ಡಿಸ್ಕಿಗೂ ಒಂದು ಕನಿಷ್ಠ ದಪ್ಪವಿದೆ, ಅನೇಕ ಡಿಸ್ಕುಗಳ ಮೇಲೆಯೇ ಕೆತ್ತಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕಿಗೆ ಹೊಸ ಪ್ಯಾಡ್ ಹಾಕುವುದು ವ್ಯರ್ಥ.

ಎಲ್ಲಕ್ಕಿಂತ ಅಗ್ಗದ, ಎಲ್ಲರೂ ಮರೆಯುವ ಭಾಗ ಬ್ರೇಕ್ ಆಯಿಲ್. ಪೆಡಲಿನ ಒತ್ತಡವನ್ನು ಗಾಲಿಗೆ ಮುಟ್ಟಿಸುವುದು ಅದು. ಅದಕ್ಕೆ ಗಾಳಿಯಲ್ಲಿನ ತೇವ ಹೀರುವ ಗುಣವಿದೆ. ಹೊಸ ‘ಡಾಟ್ 3’ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ‘ಡಾಟ್ 4’ 230ರವರೆಗೆ. ತೇವ ಹೀರಿದ ಮೇಲೆ ಆ ಮಿತಿಗಳು 140 ಮತ್ತು 155ಕ್ಕೆ ಇಳಿಯುತ್ತವೆ. ಘಾಟಿನಲ್ಲಿ ಆಯಿಲ್ ಕುದಿದರೆ ಅದರಲ್ಲಿ ಗುಳ್ಳೆಗಳಾಗಿ ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ. ಪ್ಯಾಡ್ ಸೋತಾಗ ಪೆಡಲ್ ಗಟ್ಟಿ, ಆಯಿಲ್ ಸೋತಾಗ ಪೆಡಲ್ ಮೆತ್ತಗೆ. ಎರಡೂ ಬೇರೆ ಬೇರೆ ರೋಗ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಕೆಲವೇ ನೂರು ರೂಪಾಯಿ. ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳ ತೆರೆದೇ ಇರುವ ಡಬ್ಬಿಯಿಂದ ಹಾಕಿಸಬೇಡಿ, ಎದುರಿಗೇ ಹೊಸದನ್ನು ಒಡೆಸಿ. ಘಾಟು, ಗುಡ್ಡ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿದರೆ ಎರಡು ಕೊಡ ನೀರಿನ ಶಾಖದಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಅದಕ್ಕೆ ಖರ್ಚೇ ಇಲ್ಲ.

ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ನಮ್ಮ ಅಣ್ಣತಮ್ಮಂದಿರಿಗೆ ಒಂದು ಮಾತು. ಪ್ಯಾಡಿನ ಕರಿ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಅಗ್ಗದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬಾಕ್ಸಿನ ಮೇಲೆ ‘ನಾನ್ ಆಸ್ಬೆಸ್ಟಾಸ್’ ಎಂದು ಬರೆದದ್ದನ್ನೇ ಕೇಳಿ. 450ರ ಬಾಕ್ಸಿನ ನಿಜವಾದ ಬೆಲೆಯಲ್ಲಿ ಒಂದು ಪಾಲನ್ನು ಕೊಳ್ಳುವವನಲ್ಲ, ಅದನ್ನು ಬಿಚ್ಚುವ ಹುಡುಗ ಕೊಡುತ್ತಾನೆ.

ಕೊನೆಗೆ ಕಾನೂನು, ಯಾಕೆಂದರೆ ಇದು ಪರೀಕ್ಷೆಗೂ ಬರುತ್ತದೆ. ‘ಕೊಳ್ಳುವವನೇ ಎಚ್ಚರವಾಗಿರಲಿ’ ಎಂಬುದು ಹಳೆಯ ತತ್ವ. ಆದರೆ 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನಲ್ಲಿ ಅದಕ್ಕೆ ಅಪವಾದವಿದೆ. ಯಾವ ಉದ್ದೇಶಕ್ಕೆ ಬೇಕೆಂದು ಹೇಳಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡರೆ, ಮಾಲು ಆ ಉದ್ದೇಶಕ್ಕೆ ತಕ್ಕಂತೆ ಇರಬೇಕೆಂಬ ಷರತ್ತು ತಾನಾಗಿ ಬರುತ್ತದೆ. ನಾವೇ ಬ್ರ್ಯಾಂಡ್ ಹೆಸರು ಹೇಳಿ ‘ಅದೇ ಕೊಡಿ’ ಎಂದರೆ ಆ ಷರತ್ತು ಸಿಗುವುದಿಲ್ಲ. ಆದ್ದರಿಂದ ‘ಇಂಥ ಗಾಡಿ, ಇಂಥ ವರ್ಷದ ಮಾಡೆಲ್, ಬಾಡಿಗೆಗೆ ಗುಡ್ಡ ಹತ್ತಿಳಿಯುತ್ತದೆ, ಅದಕ್ಕೆ ಸರಿಯಾದ ಪ್ಯಾಡ್ ಕೊಡಿ’ ಎಂದು ಕೇಳುವುದು ಜಾಣತನ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷದ ಮಾಲಿನಿಂದ ಗಾಯ, ನಷ್ಟವಾದರೆ ತಯಾರಕನನ್ನೂ ಮಾರಾಟಗಾರನನ್ನೂ ಕೇಳುವ ಹಕ್ಕಿದೆ.

ನಮ್ಮ ತರಗತಿಯಲ್ಲಿ ಒಂದು ಚರ್ಚೆ ಬಂದಿತ್ತು: ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ ಎಂದು ಕಾಯ್ದೆ ಹೇಳುತ್ತದಲ್ಲ, ಹಾಗಾದರೆ ಬಾಡಿಗೆ ಗಾಡಿಯವರ ಗತಿ ಏನು? ಉತ್ತರ ಅದೇ ಕಲಮಿನ ವಿವರಣೆಯಲ್ಲಿದೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಬಳಸಿದರೆ ಅದು ವ್ಯಾಪಾರದ ಉದ್ದೇಶವಲ್ಲ. ಒಂದೇ ಗಾಡಿಯನ್ನು ತಾವೇ ಓಡಿಸುವ ಮಾಮು ಗ್ರಾಹಕರೇ. ಹತ್ತು ಗಾಡಿ ಇಟ್ಟು ಚಾಲಕರನ್ನು ನೇಮಿಸಿದ ಮಾಲೀಕರು ಹಾಗೆ ಹೇಳಿಕೊಳ್ಳುವುದು ಕಷ್ಟ. ಮೊದಲು 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಮಾಲಿಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಕೊಂಡದ್ದು ಬೇರೆ ಜಿಲ್ಲೆಯಲ್ಲಾದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೂರಿನ ಜೊತೆ ಬಿಲ್ ಇಡಬೇಕು, ಬಿಚ್ಚಿ ತೆಗೆದ ಹಳೆಯ ಪ್ಯಾಡನ್ನೂ ಬಾಕ್ಸನ್ನೂ ಕಾಯ್ದಿಟ್ಟುಕೊಳ್ಳಬೇಕು. ಗ್ಯಾರೇಜಿನವರು ಅವನ್ನು ಗುಜರಿ ಡಬ್ಬಿಗೆ ಎಸೆಯುವ ಮೊದಲು ಕೇಳಿ ತೆಗೆದುಕೊಳ್ಳಿ.